ಅಕ್ಬರಸಾಬನ ಕಲಾಯಿ ಮತ್ತು ನೇರಳೆ ಮೀನು

ಕುಂತಲ್ಲಿ ಕೂಡುವ ಮನುಷ್ಯನಲ್ಲ ಅಕ್ಬರಸಾಬ. ಬೆಟಗೇರಿಯಲ್ಲಿ ನನ್ನ ಹೊಲಿಗೆ ಅಂಗಡಿಗೆ ಅವನ ಕಲಾಯಿ ಅಂಗಡಿ ತಾಗಿಕೊಂಡೇ ಇದೆ. ತಾಮ್ರ, ಹಿತ್ತಾಳೆಯ ಪಾತ್ರೆ ಕಾಯಿಸಿ, ಅಡುಗೆಗೆ ಕಿಲುಬಿನ ವಿಷ ಇಳಿಯದಂತೆ ಒಳಮೈಗೆ ತವರ ಬಳಿಯುವುದು ಅವನ ಕಸುಬು. ಕೈ ಖಾಲಿಯಾದರೆ ನನ್ನಲ್ಲಿಗೆ ಬಂದು ಕತ್ತರಿ ಮುಟ್ಟುತ್ತಾನೆ, ದಾರದುಂಡೆ ಉರುಳಿಸುತ್ತಾನೆ, ಚಹಾ ಆರುವ ಮೊದಲೇ ಎದ್ದು ಹೋಗುತ್ತಾನೆ. ಬೈದು ಬೈದು ನನಗೇ ಸಾಕಾಗಿದೆ.

ಇಂಥವನಿಗೆ ಸಮುದ್ರದ ಮೀನಿನ ಹುಚ್ಚು ಹಿಡಿಯಿತು. ತವರ ತರಲು ಹುಬ್ಬಳ್ಳಿಗೆ ಹೋದವನು ಸಾಕುವ ಮೀನಿನ ಅಂಗಡಿಯೊಂದರಲ್ಲಿ ಎರಡು ತಾಸು ನಿಂತನಂತೆ. ನಾನಂತೂ ನಂಬಲಿಲ್ಲ. ಆರು ತಿಂಗಳಲ್ಲಿ ಅವನ ಪಡಸಾಲೆಗೆ ಗಾಜಿನ ಟ್ಯಾಂಕು ಬಂತು. ಒಳಗೆ ಜೀವಂತ ಹವಳ, ಎರಡು ಸೀಗಡಿ, ಒಂದೇ ಒಂದು ಮೀನು. ಬೆರಳುದ್ದದ್ದು, ಮುಂದಿನರ್ಧ ಗಾಢ ನೇರಳೆ, ಹಿಂದಿನರ್ಧ ಅಚ್ಚ ಅರಿಶಿನ. ಯಾರ ತಂಟೆಗೂ ಹೋಗದ ಪ್ರಾಣಿ. ಅದರ ಮುಂದೆ ಮಾತ್ರ ಅವನು ಕೂಡುತ್ತಿದ್ದ.

“ಈ ಮೀನ ಬಂದ ಮ್ಯಾಲೆ ನಮ್ಮನ್ಯಾಗ ದಿನಾ ಒಂದ ತಾಸ ಶಾಂತಿ ಐತ್ರಿ ಅಣ್ಣಾರ” ಎಂದು ಅವನ ಹೆಂಡತಿ ಖಾತುನಬಿ ನನಗೆ ಹೇಳಿದ್ದಳು.

ಟ್ಯಾಂಕಿಗೆ ವಾರವಾರ ಹೊಸ ಉಪ್ಪುನೀರು ಬೇಕು. ಶುದ್ಧ ನೀರಿನ ಘಟಕದಿಂದ ಕೊಡ ತುಂಬಿ ತಂದು, ಉಪ್ಪು ಕದಡಿ, ಒಂದು ದಿನ ಇಟ್ಟು ಸುರಿಯಬೇಕು. ಪ್ಲಾಸ್ಟಿಕ್ಕಿನಲ್ಲೇ ಕದಡು, ತಾಮ್ರ ಸೋಕಿದರೆ ಹವಳ ಸಾಯುತ್ತದೆ ಎಂದು ಮೀನಿನಂಗಡಿಯವನು ಬಿಡಿಸಿ ಹೇಳಿದ್ದ. ಆದರೆ ಕಲಾಯಿಯವನ ಮುಂದೆ ಪ್ಲಾಸ್ಟಿಕ್ಕಿನ ಹೆಸರೆತ್ತಬಹುದೇ? ಅವನ ಅರ್ಧ ಗಿರಾಕಿಗಳನ್ನು ನುಂಗಿದ್ದೇ ಅದು. ತಾನೇ ಕಲಾಯಿ ಹಾಕಿದ ತಾಮ್ರದ ಹಂಡೆಯಲ್ಲಿ ಕದಡಿದ.

“ಲೇ ಅಕ್ಬರಾ, ಅದು ತಾಮ್ರ ಅಲ್ಲೇನಲೇ?” ಅಂದೆ.

“ನನ್ನ ಕಲಾಯಿ ಐತಿ ಅದರಾಗ. ತಾಮ್ರ ಎಲ್ಲಿಂದ ಸೋಕತೈತಿ?” ಅಂದ. ಅವನ ಕಲಾಯಿಯ ಬಗ್ಗೆ ಎರಡು ಮಾತಾಡಿದರೆ ಮೂರು ದಿನ ಮುಖ ತಿರುಗಿಸುತ್ತಾನೆ. ನಾನು ಬಾಯಿ ಮುಚ್ಚಿದೆ. ಇವತ್ತಿಗೂ ಅದಕ್ಕೆ ನನ್ನ ಮೇಲೇ ನನಗೆ ಸಿಟ್ಟಿದೆ.

ಎರಡು ತಿಂಗಳಿಗೆ ಹವಳ ಮುದುಡಿತು. ಒಂದು ಸೀಗಡಿ ಸತ್ತಿತು, ನಾಲ್ಕು ದಿನಕ್ಕೆ ಇನ್ನೊಂದು. ಅಕ್ಬರಸಾಬನಿಗೆ ಕೂತರೂ ಸಮಾಧಾನವಿಲ್ಲ, ನಿಂತರೂ ಇಲ್ಲ. ಕೆಂಡದ ಮೇಲೆ ಪಾತ್ರೆ ಬಿಟ್ಟು ಮನೆಗೆ ಓಡುತ್ತಿದ್ದ, ಮನೆಯಿಂದ ಅಂಗಡಿಗೆ ಓಡುತ್ತಿದ್ದ. ಕರೆಂಟು ಹೋಗಿದ್ದಕ್ಕೆ ಹೀಗಾಯಿತು ಅಂದ, ಘಟಕದ ನೀರು ಸರಿಯಿಲ್ಲ ಅಂದ, ಕಡೆಗೆ ನನ್ನ ಇಸ್ತ್ರಿಪೆಟ್ಟಿಗೆಯ ಹೊಗೆಯದೇ ತಪ್ಪು ಅಂದ. ಉಳಿದದ್ದು ಮೀನೊಂದೇ. ಅದೂ ಈಗ ಮೂಲೆ ಹಿಡಿದು ಏದುಸಿರು ಬಿಡುತ್ತಿತ್ತು.

“ಅದಕ್ಕೇನರ ಆದ್ರ ನನ್ನ ಕಥಿ ಮುಗೀತು ಸಿದ್ದರಾಮ” ಅಂದ. ಕಣ್ಣಲ್ಲಿ ನೀರಿತ್ತು.

ಕೊನೆಗೆ ನಾನೇ ಗದರಿಸಿ, ಹುಬ್ಬಳ್ಳಿಯಿಂದ ತಾಮ್ರ ಪತ್ತೆಮಾಡುವ ಔಷಧದ ಬಾಟಲಿ ತರಿಸಿದೆ. ಟ್ಯಾಂಕಿನ ನೀರಿಗೆ ಹನಿ ಬಿಟ್ಟು, ಜೊತೆಗೆ ಬಂದ ಬಣ್ಣದ ಚೀಟಿಯ ಪಕ್ಕ ಹಿಡಿದೆವು. ತಾಮ್ರ ಇತ್ತು. ಅವನು ಹಂಡೆಯನ್ನು ಬಿಸಿಲಿಗೆ ಎಳೆದು ಬಗ್ಗಿ ನೋಡಿದ. ತಳದಲ್ಲಿ ಅಂಗೈಯಗಲ ಕಲಾಯಿ ಎದ್ದುಹೋಗಿ ಕೆಂಪು ಕಾಣುತ್ತಿತ್ತು.

ಅವನು ಹಂಡೆಯನ್ನು ಅಲ್ಲೇ ಬೋರಲು ಹಾಕಿದ. ನನ್ನ ಮನೆಯ ಪ್ಲಾಸ್ಟಿಕ್ ಬಕೀಟು ತಾನೇ ಹೊತ್ತೊಯ್ದು ಉಪ್ಪು ಕದಡಿದ. ನೀರು ಹದಕ್ಕೆ ಬರಲು ಮರುದಿನದ ತನಕ ತಾಳಬೇಕಿತ್ತು. ಆ ಒಂದು ದಿನ ಎಷ್ಟು ಸಲ ಎದ್ದನೋ, ಎಷ್ಟು ಸಲ ಕೂತನೋ, ಖಾತುನಬಿಗೇ ಗೊತ್ತು. ಮೀನನ್ನು ಆ ಬಕೀಟಿಗೇ ಬಿಟ್ಟ ಮೂರನೆಯ ದಿನ ಅದು ಮೇವು ತಿಂದಿತು. ಹಾಡಿ ಕುಣಿಯುತ್ತಾನೆ ಅಂದುಕೊಂಡಿದ್ದೆ.

ಅದರ ಬದಲು ಅವನು ಕೈಗಾಡಿ ತೆಗೆದುಕೊಂಡು ಓಣಿ ಓಣಿ ತಿರುಗತೊಡಗಿದ. ತಾನು ಕಲಾಯಿ ಹಾಕಿದ ಪಾತ್ರೆಗಳನ್ನೆಲ್ಲ ವಾಪಸು ಬೇಡುತ್ತ ನಮ್ಮ ಮನೆಗೂ ಬಂದ. ಒಲೆಯ ಮೇಲೆ ಅವನೇ ಕಲಾಯಿ ಹಾಕಿದ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿಸಾರು ಕುದಿಯುತ್ತಿತ್ತು. ನನಗೆ ರೇಗಿತು.

“ಹುಚ್ಚ ಹಿಡದೈತೇನಲೇ ನಿನಗ? ಆರ ವರ್ಷ ಇದರಾಗ ಉಂಡೇವಿ, ನಮಗೇನಾಗೇತಿ?”

“ನಾನೂ ಹಿಂಗ ಅಂದಿದ್ದೆ” ಅಂದ ಅಕ್ಬರಸಾಬ. “ಕೊಡಪಾ, ಮತ್ತೊಮ್ಮೆ ಹಾಕಿ ಕೊಡ್ತೀನಿ.”

ನಾನು ಸಾರನ್ನು ಬೇರೆ ಪಾತ್ರೆಗೆ ಬಗ್ಗಿಸಿದೆ. ತಳ ನೋಡುವ ಧೈರ್ಯ ನನಗಾಗಲಿಲ್ಲ. ಹಾಗೇ ಅವನ ಕೈಗಿಟ್ಟೆ.