ಪಕ್ಕದ ಮಂಚದವಳಿಗೆ ಹೇಳದ ಮಾತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸರೋವರದ ದಡದ ದೋಣಿಮನೆಯಲ್ಲಿ ಐವತ್ತಮೂರರ ಹೆಂಗಸೊಬ್ಬರು ಲೈಫ್ ಜಾಕೆಟ್‌ಗಳನ್ನು ಒಂದೊಂದಾಗಿ ಕೊಡವುತ್ತಿದ್ದಾರೆ. ಪಟ್ಟಿ ಹಿಡಿದು ಜಗ್ಗುತ್ತಾರೆ, ಹೊಲಿಗೆ ಬಿಟ್ಟದ್ದನ್ನು ಮೂಲೆಗೆ ಎಸೆಯುತ್ತಾರೆ. ಕೊರಳಲ್ಲಿ ಸೀಟಿ, ಕಾಲಲ್ಲಿ ಒದ್ದೆ ರಬ್ಬರ್ ಚಪ್ಪಲಿ. "ಕಣ್ಣಲ್ಲಿ ನೋಡಿದ್ರೆ ಸಾಲದು, ಎಳೆದು ನೋಡ್ಬೇಕು. ನೀರಿಗೆ ಯಾರ ಮುಲಾಜೂ ಇಲ್ಲ ನೋಡಿ," ಎನ್ನುತ್ತಾರೆ.

ಶಿಬಿರಕ್ಕೆ ಬರುವವರಿಗೆಲ್ಲ ಇವರು ಸೀಟಿ ಅಕ್ಕ. ತಮ್ಮೂರಿನಲ್ಲಿ ಶಾಲೆಯ ಆಟದ ಟೀಚರ್. ಪ್ರತಿ ಬೇಸಿಗೆ ರಜೆಯಲ್ಲೂ ಆರು ವಾರ ಈ ಪರದೇಶಕ್ಕೆ ಬರುತ್ತಾರೆ. ಹದಿನೆಂಟು ದಾಟಿದವರ ಶಿಬಿರ. ಅರವತ್ತು ಮಂದಿ, ಎಂಟು ದೋಣಿ, ದಿನಕ್ಕೆ ಐದು ಸಲ ತಲೆ ಎಣಿಕೆ. ಹದಿನೇಳು ವರ್ಷ ಅದರ ಮುಂದಾಳು ಇವರೇ ಆಗಿದ್ದರು. ಗಂಡ ತೀರಿಹೋದ ವರ್ಷವೂ ತಪ್ಪಿಸಿದವರಲ್ಲ.

ಇನ್ನೊಂದು ಕೆಲಸವೂ ಇತ್ತು. ಅದಕ್ಕೆ ಸೀಟಿ ಊದುವ ಹಾಗಿರಲಿಲ್ಲ. ಅಕ್ಕ ಕ್ರೈಸ್ತರು. ಶಿಬಿರದಲ್ಲಿ ಧರ್ಮದ ಭಾಷಣ ಕೂಡದು, ಪುಸ್ತಕ ಹಂಚಕೂಡದು ಎಂಬ ಕರಾರಿಗೆ ಪ್ರತಿ ವರ್ಷ ರುಜು ಹಾಕುತ್ತಿದ್ದರು. ಹಾಗಾಗಿ ತಾವಾಗಿ ಬಾಯಿ ಬಿಟ್ಟವರಲ್ಲ. ಊಟಕ್ಕೆ ಮುಂಚೆ ಅರೆಗಳಿಗೆ ಕಣ್ಣು ಮುಚ್ಚುವರು. ಯಾರಾದರೂ "ಯಾಕಕ್ಕಾ?" ಎಂದು ಕೇಳಿದರೆ, ದೋಣಿಯ ಹುಟ್ಟು ತೊಳೆಯುತ್ತಲೋ ತಟ್ಟೆ ಒರೆಸುತ್ತಲೋ ಯೇಸುವಿನ ವಿಷಯ ನಾಲ್ಕು ಮಾತು. "ಹಸಿದಷ್ಟೇ ಬಡಿಸೋದು. ತಟ್ಟೆ ತುಂಬಿಸೋಕೆ ಹೋಗ್ಬಾರ್ದು." ಹೀಗೆ ಕೇಳಿದವರು ಒಟ್ಟು ನಲವತ್ತು ಮಂದಿ ಇದ್ದಾರು.

ಎರಡು ವರ್ಷದ ಕೆಳಗೆ, ಶಿಬಿರ ಮುಗಿಯಲು ನಾಲ್ಕು ದಿನವಿದ್ದಾಗ, ಶಿಬಿರ ನಡೆಸುವ ಸಂಸ್ಥೆಯ ಮುಖ್ಯಸ್ಥರು ಆಫೀಸಿಗೆ ಕರೆಸಿದರು. ದೋಣಿ ರಿಪೇರಿ ಮಾತಿರಬೇಕೆಂದು ಅಕ್ಕ ಒದ್ದೆ ಕೈಯಲ್ಲೇ ಹೋದರು. ಮೇಜಿನ ಮೇಲೆ ಒಂದು ಹಾಳೆ.

"ಗುಟ್ಟಾಗಿ ಮತಪ್ರಚಾರ ಮಾಡ್ತೀರಂತೆ. ದೂರು ಬಂದಿದೆ."

ಓದುವ ಮೊದಲೇ ಅಕ್ಕನಿಗೆ ಅಕ್ಷರ ಗುರುತು ಸಿಕ್ಕಿತು. ಜ್ವರದ ಮಾತ್ರೆಯ ಪೊಟ್ಟಣದ ಮೇಲೆ ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಬರೆಯುವ ಅದೇ ಗುಂಡು ಅಕ್ಷರ. ಶಿಬಿರದ ನರ್ಸ್. ಹನ್ನೊಂದು ಬೇಸಿಗೆ ಒಂದೇ ಕೋಣೆ, ಒಂದೇ ಕನ್ನಡಿ, ಒಂದೇ ಬಕೆಟ್ಟು ಹಂಚಿಕೊಂಡ ಗೆಳತಿ.

"ಬೇರೆ ಯಾರೇ ಬರೆದಿದ್ರೂ ನಂಬ್ತಿದ್ದೆ," ಎನ್ನುವಾಗ ಅಕ್ಕನ ಕೈ ಜಾಕೆಟ್ಟಿನ ಮೇಲೆಯೇ ನಿಂತುಬಿಡುತ್ತದೆ.

ಇಲ್ಲ ಎಂದಿದ್ದರೆ ನಡೆಯುತ್ತಿತ್ತು, ಸಾಕ್ಷಿ ಇರಲಿಲ್ಲ. "ಹೌದು, ಕೇಳಿದವರಿಗೆ ಹೇಳ್ತೀನಿ," ಎಂದು ಒಪ್ಪಿಕೊಂಡು ನೇರ ಕೋಣೆಗೆ ಬಂದರು. ನರ್ಸ್ ಬ್ಯಾಂಡೇಜ್ ಸುತ್ತುತ್ತಾ ಕೂತಿದ್ದರು, ತಲೆ ಎತ್ತಲಿಲ್ಲ.

"ನಾನು ನಿಂಗೇನು ಮಾಡಿದ್ದೆ?"

"ನಿನ್ನ ದೇವರ ಮೇಲೆ ನಂಗೆ ಸಿಟ್ಟಿಲ್ಲ ಕಣೇ. ನನ್ನ ಮಗಳು ಮೂರು ವರ್ಷದಿಂದ ನಿನ್ನ ಜೊತೆ ಪ್ರಾರ್ಥನೆ ಮಾಡ್ತಿದಾಳೆ. ನಂಗೆ ಗೊತ್ತಾಗಿದ್ದು ಮೊನ್ನೆ. ನೀನು ಪಕ್ಕದ ಮಂಚದಲ್ಲಿ ಮಲಗ್ತೀಯ. ಗಂಡ ಹೋದಾಗ ನನ್ನ ಹೆಗಲ ಮೇಲೆ ಬಿದ್ದು ಅತ್ತಿದ್ದೀಯ. ಇದೊಂದು ಮಾತು ಹೇಳೋಕೆ ನಿಂಗೆ ಬಾಯಿ ಬರ್ಲಿಲ್ವಾ?"

ಮಗಳಿಗೆ ಆಗ ಇಪ್ಪತ್ತೆರಡು. ಶಿಬಿರದಲ್ಲೇ ದೋಣಿ ಕಲಿಸುತ್ತಿದ್ದಳು. "ಅಮ್ಮಂಗೆ ಹೇಳ್ಬೇಡಿ," ಎಂದಿದ್ದಳು. ಅಕ್ಕ ಕೊಟ್ಟ ಮಾತು ಉಳಿಸಿಕೊಂಡಿದ್ದರು.

"ಗುಟ್ಟು ಕಾಪಾಡಿದೆ ಅಂತ ಒಳಗೊಳಗೇ ಬೀಗ್ತಿದ್ದೆ. ಅವಳಿಗದು ಬೆನ್ನಿಗೆ ಚೂರಿ ಹಾಕಿದ ಹಾಗಾಗಿತ್ತು. ಕ್ಷಮಿಸು ಅನ್ನೋಕೂ ಆಗ್ಲಿಲ್ಲ. ಸಂಜೆ ಕ್ಷಮೆ ಕೇಳ್ದೆ. ಅವಳು ಹಾಸಿಗೆ ಸುತ್ಕೊಂಡು ಔಷಧಿ ಕೋಣೆಗೆ ಹೋಗಿಬಿಟ್ಟಳು."

ಮುಂದಾಳುತನ ಹೋಯಿತು. ಮುಂದಿನ ವರ್ಷ ಬರುವುದಾದರೆ ದೋಣಿಮನೆ ನೋಡಿಕೊಳ್ಳಿ ಎಂದರು ಮುಖ್ಯಸ್ಥರು. "ಮರ್ಯಾದೆ ಇಲ್ಲದ ಕಡೆ ಯಾಕೆ ಹೋಗ್ತೀಯ?" ಎಂದು ಮನೆಯಲ್ಲಿ ತಮ್ಮ ಕೂಗಾಡಿದ. ಅಕ್ಕ ಬಂದರು, ಈ ಬೇಸಿಗೆಯೂ ಬಂದಿದ್ದಾರೆ. ಹುಡುಗ ಹುಡುಗಿಯರು ದೋಣಿಮನೆಯವರೆಗೂ ಹುಡುಕಿಕೊಂಡು ಬಂದು ಕೇಳುವುದುಂಟು. ಈಗ ಮೊದಲ ಉತ್ತರವೇ ಬೇರೆ: "ಮನೇಲಿ ಯಾರ ಹತ್ರನಾದ್ರೂ ಈ ಮಾತು ಆಡಿದ್ದೀಯಾ? ಆಡಿ ಬಾ." ಅರ್ಧಕ್ಕರ್ಧ ಮಂದಿ ತಿರುಗಿ ಬರುವುದಿಲ್ಲ. "ಬರದಿದ್ರೂ ಪರ್ವಾಗಿಲ್ಲ. ಇನ್ನೊಬ್ಬ ತಾಯಿಯ ಮುಖ ಹಾಗೆ ನೋಡೋ ಶಕ್ತಿ ನಂಗಿಲ್ಲ."

ಔಷಧಿ ಕೋಣೆಯಲ್ಲಿ ನರ್ಸ್ ಸಿಗುತ್ತಾರೆ. ಮಗಳು ಈಗ ಮನೆಯಲ್ಲೇ, ಎಲ್ಲರೆದುರು ಪ್ರಾರ್ಥನೆಗೆ ಕೂರುತ್ತಾಳಂತೆ. "ನಾನು ಟಿವಿ ಸೌಂಡ್ ಕಮ್ಮಿ ಮಾಡ್ತೀನಿ, ಅಷ್ಟೇ," ಎನ್ನುತ್ತಾರೆ. ಗೆಳತಿಯ ಮಾತೆತ್ತಿದರೆ ಕಿಟಕಿಯಾಚೆ ನೋಡುತ್ತಾರೆ. "ಸಿಟ್ಟು ಯಾವತ್ತೋ ಇಳೀತು. ಎಲ್ಲಿಂದ ಮಾತು ಶುರು ಮಾಡ್ಬೇಕೋ ಗೊತ್ತಾಗ್ತಿಲ್ಲ."

ದೋಣಿಗಳು ನೀರಿಗಿಳಿದಿವೆ. ಇಷ್ಟೆಲ್ಲ ಆದ ಮೇಲೆ ನಿಮಗೇನು ಬೇಕು ಎಂದು ಕೇಳಿದರೆ ಅಕ್ಕ ನಾಚಿಕೊಂಡು ನಗುತ್ತಾರೆ.

"ನಲವತ್ತು ಜನ ನಂಗೆ ಪ್ರಶ್ನೆ ಕೇಳಿದಾರೆ. ಅವಳೊಬ್ಬಳು ಏನಾದ್ರೂ ಕೇಳ್ಬೇಕು. ದೇವರ ವಿಷಯ ಬೇಡ. 'ತಿಂಡಿ ಆಯ್ತಾ?' ಅಂದ್ರೂ ಸಾಕು."