ತಮ್ಮ ಸುತ್ತಿದ ಸುರುಳಿ

ಕೇಬಲ್ ಜೋಡಿಸುವ ಗಂಟಣ್ಣನಿಗೆ ಆ ಅಡ್ಡಹೆಸರು ಕೆಲಸದಿಂದ ಬಂತೋ, ಸದಾ ಗಂಟಿಕ್ಕಿದ ಮೋರೆಯಿಂದ ಬಂತೋ, ಇಟ್ಟವರಿಗೇ ಮರೆತುಹೋಗಿತ್ತು. ನಿಜ ಹೇಳಬೇಕೆಂದರೆ ಕೇಬಲ್ಲಿನೊಳಗೆ ಬೆಳಕು ಹರಿಯುವ ಗಾಜಿನ ಎಳೆಗೆ ಗಂಟು ಹಾಕಲಾಗುವುದಿಲ್ಲ. ಎರಡು ತುದಿ ಕರಗಿಸಿ ಬೆಸೆಯಬೇಕು. ತಮ್ಮನಿಗೂ ಅವನೇ ಅದನ್ನು ಕಲಿಸಿದ್ದ. ಹೋದ ವರ್ಷ ತಮ್ಮ ಬೈಕಿನಿಂದ ಬಿದ್ದು ತೀರಿಕೊಂಡ. ಗಂಟಣ್ಣ ಅಳಲಿಲ್ಲ. ಹೊತ್ತಿಗೆ ಸರಿಯಾಗಿ ಉಂಡ, ಮಲಗಿದ, ಕೆಲಸಕ್ಕೆ ಹೋದ. "ಕಲ್ಲು ಕಣೇ ಇವನು" ಎಂದು ಚಿಕ್ಕಮ್ಮ ಪಿಸುಗುಟ್ಟಿದ್ದು ಕೇಳಿಸಿತು. ಇರಬಹುದು ಅಂದುಕೊಂಡ.

ಈಚೆಗೆ ಬ್ಯಾಂಕಿನ ಎರಡು ಕಟ್ಟಡಗಳ ನಡುವಿನ ಹಳೇ ಕೇಬಲ್ಲಿಗೆ ಹೊಸ ಯಂತ್ರ ಹಾಕಿದರು. ಎಂಜಿನಿಯರ್ ಹುಡುಗಿ ವಿವರಿಸಿದಳು: "ಗುಟ್ಟಿನ ಕೀಲಿಯನ್ನ ಬೆಳಕಿನ ಒಂದೊಂದೇ ಕಣದಲ್ಲಿ ಕಳಿಸ್ತೀವಿ ಅಣ್ಣ. ದಾರೀಲಿ ಯಾರಾದ್ರೂ ಇಣುಕಿದ್ರೆ ಕಣ ಕೆಡುತ್ತೆ, ನಮಗೆ ಗೊತ್ತಾಗುತ್ತೆ. ನಾಳೆ ಕ್ವಾಂಟಮ್ ಕಂಪ್ಯೂಟರ್ ಬಂದು ಈಗಿನ ಬೀಗಗಳನ್ನ ಮುರಿದ್ರೂ ಈ ಕೀಲಿ ಸಿಗಲ್ಲ."

"ದೃಷ್ಟಿ ತಾಗುತ್ತೆ ಅನ್ನಮ್ಮ."

"ಪರೀಕ್ಷೇಲಿ ಹಾಗೆ ಬರೆದಿದ್ರೆ ಫೇಲಾಗ್ತಿದ್ದೆ!" ನಕ್ಕಳು. ಅವನ ಮೋರೆ ಮಾತ್ರ ಸಡಿಲವಾಗಲಿಲ್ಲ.

ಆದರೆ ಯಂತ್ರ ದಿನವೂ ಕೆಂಪು ದೀಪ ಹತ್ತಿಸಿ, ಲೈನಿನಲ್ಲಿ ಯಾರೋ ಇದ್ದಾರೆಂದು ಕೀಲಿಯನ್ನೇ ಎಸೆದುಬಿಡುತ್ತಿತ್ತು. ಸೋರಿಕೆಗೂ ಕಳ್ಳನಿಗೂ ಅದಕ್ಕೆ ವ್ಯತ್ಯಾಸ ತಿಳಿಯದು. ಬೆಳಕು ಸೋರುತ್ತಿದ್ದ ಜಾಗವನ್ನು ಹುಡುಗಿಯ ಮೀಟರು ಕೊನೆಗೂ ಹಿಡಿಯಿತು: ಔಷಧಿ ಅಂಗಡಿಯ ಮುಂದಿನ ಕೇಬಲ್ ಗುಂಡಿ.

ಗಂಟಣ್ಣ ಇಳಿದು ಎಳೆಗಳ ಬೆಸುಗೆ ಇಟ್ಟಿದ್ದ ಪೆಟ್ಟಿಗೆ ಬಿಚ್ಚಿದ. ಒಳಗೆ, ಎರಡೇ ಬೆರಳಿಗೆ ಸುತ್ತಿದಂಥ ಪುಟ್ಟ ಸುರುಳಿ. ಬೆಸೆದು ಮಿಕ್ಕ ಎಳೆಯನ್ನು ಎಲ್ಲರೂ ಅಗಲವಾಗಿ ಸುತ್ತುತ್ತಾರೆ. ಹೀಗೆ ಬಿಗಿಯಾಗಿ ಸುತ್ತುತ್ತಿದ್ದವನು ಒಬ್ಬನೇ. "ಬೆಳಕಿಗೂ ತಿರುಗೋಕೆ ಜಾಗ ಬೇಕೋ, ಇಲ್ದಿದ್ರೆ ಸೋರುತ್ತೆ" ಎಂದು ಇವನು ಬೈದರೆ, "ಅಚ್ಚುಕಟ್ಟಾಗಿದೆ ಬಿಡೋ ಅಣ್ಣ, ಫೋನ್ ಓಡ್ತಿಲ್ವಾ?" ಎನ್ನುತ್ತಿದ್ದ. ಫೋನೇನೋ ಓಡುತ್ತಿತ್ತು.

ತಮ್ಮನ ಬಟ್ಟೆಗಳು ಯಾರ್ಯಾರ ಪಾಲಿಗೋ ಹೋಗಿದ್ದವು, ಬೈಕು ಗುಜರಿಗೆ. ಅವನ ಕೈ ಇಟ್ಟ ಹಾಗೇ ಉಳಿದದ್ದು ಇದೊಂದೇ.

"ಯಾರಪ್ಪಾ ಸುತ್ತಿದ್ದು ಇದನ್ನ?" ಮೇಲಿನಿಂದ ಹುಡುಗಿ ಕೇಳಿದಳು.

"ಹಳೇದಮ್ಮ."

ಬಿಡಿಸಿ ನೋಡಿದ. ವರ್ಷಗಟ್ಟಲೆ ಬಾಗಿದ್ದ ಎಳೆ ಬೆರಳು ಬಿಟ್ಟ ಕೂಡಲೇ ಮತ್ತೆ ಸುರುಳಿಯಾಯಿತು. ಇನ್ನೊಮ್ಮೆ ಬಿಡಿಸಿದ. ಮತ್ತೆ ಅದೇ. ಹಟದಲ್ಲೂ ಅವನ ಹಾಗೇ.

"ಕತ್ತರಿಸಿ ಹೊಸ ತುಂಡು ಹಾಕಿಬಿಡಿ ಅಣ್ಣ. ಇಲ್ದಿದ್ರೆ ಇಷ್ಟೂ ಕೆಲಸ ದಂಡ."

ಕತ್ತರಿಸಿದ. ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತೇನೋ ಎಂದು ಒಂದು ಗಳಿಗೆ ಕೈ ನಿಲ್ಲಿಸಿ ಕಾದ, ಬರಲಿಲ್ಲ. ಹೊಸ ಎಳೆ ಬೆಸೆದು, ಪೆಟ್ಟಿಗೆಯ ಅಂಚಿನುದ್ದಕ್ಕೂ ಅಗಲವಾಗಿ ಸುತ್ತಿಟ್ಟ.

ಮೇಲೆ ಹುಡುಗಿ ಚಪ್ಪಾಳೆ ತಟ್ಟಿದಳು. "ಹಸಿರು ಬಂತು! ಲೈನಲ್ಲಿ ಈಗ ಯಾರೂ ಇಲ್ಲ ಅಣ್ಣ!"

ಗಂಟಣ್ಣ ಮುಚ್ಚಳವನ್ನು ಕೈಯಲ್ಲೇ ಹಿಡಿದುಕೊಂಡಿದ್ದ.

"ಇನ್ನೊಂದ್ಸಲ ನೋಡಮ್ಮ."

ಅವಳು ನೋಡಿದಳು. "ಇಲ್ಲ ಅಣ್ಣ. ಯಾರೂ ಇಲ್ಲ."

"ಸರಿ" ಎಂದು ಅವನು ಮುಚ್ಚಳ ಹಾಕಿ ತಿರುಪು ಬಿಗಿದ.