ಹದಿನೇಳು ವೋಲ್ಟಿನ ತಪ್ಪು ಯಾರದು

ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಟ್ರಾನ್ಸ್‌ಫಾರ್ಮರ್, ಅಡಾಪ್ಟರುಗಳ ಪರೀಕ್ಷೆಯೆಂದರೆ ಮೊದಲು ನೆನಪಾಗುವ ಹೆಸರು ಶ್ರೀ ಕೊಟ್ರೇಶ್ ಅವರದು. ಮೂವತ್ತನಾಲ್ಕು ವರ್ಷ ಒಂದೇ ಕಾರ್ಖಾನೆಯಲ್ಲಿ ಸೇವೆ ಸಲ್ಲಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಆ ಹಿರಿಯರ ಬಗ್ಗೆ ಅವರ ಅಭಿನಂದನ ಗ್ರಂಥಕ್ಕೆ ಬರೆಯಬೇಕೆಂದು ಸಂಪಾದಕರು ಕೇಳಿದಂದಿನಿಂದ ನನಗೆ ಸಮಾಧಾನವಿಲ್ಲ. ನಾಲ್ಕು ಸಲ ಬರೆದು ಹರಿದೆ. ಹೊಗಳುವುದು ಸುಲಭ, ನಾನು ಹೇಳಬೇಕಾದದ್ದು ಬೇರೆ.

ಹತ್ತು ವರ್ಷಗಳ ಹಿಂದೆ ಡಿಪ್ಲೊಮಾ ಮುಗಿಸಿ ಅವರ ಕೈಕೆಳಗೆ ಪ್ರೊಬೇಷನ್ ಮೇಲೆ ಸೇರಿದೆ. ಎರಡನೇ ವಾರ ಹನ್ನೆರಡು ವೋಲ್ಟಿನ ಅಡಾಪ್ಟರುಗಳನ್ನು ಮೀಟರಿಗೆ ಹಿಡಿದರೆ ಒಂದೊಂದೂ ಹದಿನೇಳು ತೋರಿಸಿತು. ಅಂದು ಕೊಟ್ರೇಶ್ ಅವರು ರಜೆಯಲ್ಲಿದ್ದರು. ಕಾಯುವ ತಾಳ್ಮೆ ನನಗೆಲ್ಲಿತ್ತು! ತಂತಿ ಸುತ್ತುವವರು ತಮ್ಮ ಸುರುಳಿಗೆ ತಮ್ಮದೇ ಬಣ್ಣದ ದಾರ ಕಟ್ಟುವುದು ನಮ್ಮಲ್ಲಿನ ಪದ್ಧತಿ. ಅಡಾಪ್ಟರುಗಳನ್ನು ಬಿಚ್ಚಿ ನೋಡಿದರೆ ಎಲ್ಲಕ್ಕೂ ಹಳದಿ ದಾರವಿತ್ತು. ಅದು ಕುರುಬರಹಳ್ಳಿಯ ಮುನಿತಾಯಮ್ಮನವರದು. ತಂತಿಯ ಸುತ್ತು ಹೆಚ್ಚಾಗಿ ವೋಲ್ಟೇಜ್ ಏರಿದೆಯೆಂದು ವರದಿ ಬರೆದುಕೊಟ್ಟೆ. ಮ್ಯಾನೇಜರು ಆ ಸಂಜೆಯೇ ಆಕೆಗೆ ನಾಳೆಯಿಂದ ಬರಬೇಡಿ ಎಂದುಬಿಟ್ಟರು. ಇಪ್ಪತ್ತು ವರ್ಷ ತಂತಿ ಸುತ್ತಿದ ಕೈ ಅದು.

ಮರುದಿನ ಕೊಟ್ರೇಶ್ ಅವರು ವರದಿ ಓದಿ, ಸ್ಕೂಟರಿನ ಸಣ್ಣ ಬಲ್ಬೊಂದನ್ನು ಅಡಾಪ್ಟರಿಗೆ ಜೋಡಿಸಿದರು. ಬಲ್ಬು ಉರಿಯಿತು, ಮೀಟರು ಹನ್ನೆರಡಕ್ಕೆ ಇಳಿಯಿತು.

“ಲೋಡ್ ಹಾಕ್ದೆ ಅಳೆದ್ಯಾ? ಖಾಲಿ ಬಿಟ್ರೆ ವೋಲ್ಟೇಜ್ ಏರೇ ಏರುತ್ತೆ ಕಣೋ, ಅದಕ್ಕೆ ಕೆಲಸ ಕೊಟ್ಟು ನೋಡ್ಬೇಕು,” ಎಂದರು. “ನಡಿ, ಮೊದ್ಲು ಆಯಮ್ಮನ್ನ ಕರ್ಕೊಂಡ್ ಬರೋಣ.”

ಮುನಿತಾಯಮ್ಮನವರು ಮನೆ ಬಾಗಿಲಲ್ಲೇ ನಿಂತು, “ನನ್ನ ಒಂದ್ ಮಾತು ಕೇಳ್ಬೋದಿತ್ತಲ್ಲ ಸಾರ್,” ಎಂದಷ್ಟೇ ಹೇಳಿ ನಮ್ಮ ಜೊತೆ ಹೊರಟರು. ಅವರ ಮುಖ ನೋಡಲು ನನಗಾಗಲಿಲ್ಲ.

ಮ್ಯಾನೇಜರು ಆಕೆಯನ್ನು ಮತ್ತೆ ಸೇರಿಸಿಕೊಂಡರು. ಆದರೆ ನನ್ನ ಕಡೆ ಕೈ ತೋರಿಸಿ, “ಹಂಗಾದ್ರೆ ಇವನ್ನ ಕಳಿಸಿಬಿಡಿ,” ಎಂದರು.

“ಲೋಡ್ ಹಾಕೋದು ನಾನೇ ಹೇಳ್ಕೊಟ್ಟಿರ್ಲಿಲ್ಲ ಸಾರ್. ತಪ್ಪು ನಂದು,” ಎಂದರು ಕೊಟ್ರೇಶ್.

ನನ್ನ ಕೆಲಸ ಉಳಿಯಿತು. ಆ ವರ್ಷ ಅವರಿಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ಪಕ್ಕದಲ್ಲೇ ನಿಂತಿದ್ದ ನಾನು ಅಂದೂ ಬಾಯಿ ಬಿಡಲಿಲ್ಲ, ಆಮೇಲೂ ಬಿಡಲಿಲ್ಲ. ಅವರೂ ಒಮ್ಮೆಯೂ ಆ ಮಾತೆತ್ತಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿತು.

ಮಾನ್ಯರು ಆರೋಗ್ಯದಿಂದ ನೂರು ಕಾಲ ಬಾಳಲಿ, ವಿಜಯನಗರದ ಮನೆಯಲ್ಲಿ ತೆರೆಯಲಿರುವ ರಿಪೇರಿ ಅಂಗಡಿಯಲ್ಲಿ ಅವರ ಕೈಗೆ ಬಿಡುವಿಲ್ಲದಂತಾಗಲಿ. ಅಂದಿನ ಮ್ಯಾನೇಜರೂ ಈ ಗ್ರಂಥ ಓದುವರೆಂದು ತಿಳಿದೇ ಬರೆಯುತ್ತಿದ್ದೇನೆ: ಕೊಟ್ರೇಶ್ ಸಾರ್, ಲೋಡ್ ಹಾಕಿ ಅಳೆಯುವುದನ್ನು ಮೊದಲ ದಿನವೇ ನೀವು ನನಗೆ ಹೇಳಿಕೊಟ್ಟಿದ್ದಿರಿ.